ಬಿದ್ದ ಸುದ್ದಿ ಬಾಗಿಲು ದಾಟಿ ಬರುವುದೇ ಇಲ್ಲ, ಯಾಕೆ?

ಪ್ರಶ್ನೆ: ಕಡಿಮೆ ಬಾಡಿಗೆಯ ಮನೆಗಳಿರುವ ಒಂದು ಕಟ್ಟಡದ ಉಸ್ತುವಾರಿ ನನ್ನದು. 80 ಮನೆಗಳಿವೆ. ಹೆಚ್ಚಿನವರು 65 ದಾಟಿದವರು, ಒಬ್ಬರೇ ಇರುವವರು, ಸಣ್ಣ ಪಿಂಚಣಿಯಲ್ಲೋ ಸಹಾಯಧನದಲ್ಲೋ ದಿನ ನೂಕುವವರು. ಕಳೆದ ಒಂದು ವರ್ಷದಲ್ಲಿ ಆರು ಜನ ಬಿದ್ದು, ಆಸ್ಪತ್ರೆ ಸೇರಿ, ಅಲ್ಲಿಂದ ನೇರ ಆರೈಕೆ ಕೇಂದ್ರಕ್ಕೆ ಹೋದರು. ಒಬ್ಬರೂ ಮನೆಗೆ ವಾಪಸ್ ಬರಲಿಲ್ಲ. ಅದಕ್ಕೆ ಮುಂಚೆ ತೊಂದರೆ ಇದೆ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಹತ್ತಿರ ಸ್ವಲ್ಪ ದುಡ್ಡಿದೆ, ಜಾಸ್ತಿ ಇಲ್ಲ. ಎಲ್ಲರಿಗೂ ಕುತ್ತಿಗೆಗೆ ಹಾಕಿಕೊಳ್ಳುವ ಅಲಾರಂ ಕೊಡಿಸೋಣ ಅನ್ನುತ್ತಿದ್ದಾರೆ ಸಮಿತಿಯವರು. ಅದರಿಂದಲೇ ಶುರು ಮಾಡಬಹುದಾ?

ಉತ್ತರ: ಅಲಾರಂ ವಿಷಯಕ್ಕೆ ಕೊನೆಗೆ ಬರುತ್ತೇನೆ. "ಯಾರೂ ಹೇಳಿರಲಿಲ್ಲ" ಅಂತ ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಹೇಗೆ ಹೇಳುತ್ತಾರೆ? ಬಾಡಿಗೆ ತೆಗೆದುಕೊಳ್ಳುವವರು ನೀವು, ಕರಾರು ಮುಂದುವರಿಸುವವರು ನೀವು, "ಇವರಿಗೆ ಇನ್ನು ಒಬ್ಬರೇ ಇರಲು ಆಗುವುದಿಲ್ಲ" ಅಂತ ಮೇಲಿನವರಿಗೆ ಬರೆಯಬಲ್ಲವರೂ ನೀವೇ. ಕೈಯಲ್ಲಿ ಕಾಸಿರುವವರು ಬಚ್ಚಲಲ್ಲಿ ಜಾರಿದರೆ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಈ ಮನೆ ಕೈತಪ್ಪಿದರೆ ಇಷ್ಟು ಬಾಡಿಗೆಗೆ ಇನ್ನೊಂದು ಸಿಗುವುದಿಲ್ಲ ಅಂತ ಗೊತ್ತಿರುವವರು ಗಾಯದ ಮೇಲೆ ತೋಳು ಎಳೆದುಕೊಂಡು ಸುಮ್ಮನಾಗುತ್ತಾರೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಜನ ತಾವೇ ಮಾಡಿಕೊಳ್ಳುವಂತೆ ನೆರವಾಗುವವಳು/ವವನು; ಮನೆ ಮನೆ ಸುತ್ತುವುದೇ ಕೆಲಸ. ಶುರುವಿನ ದಿನಗಳಲ್ಲಿ ಒಮ್ಮೆ ಇಂಥದ್ದೇ ಒಂದು ಕಟ್ಟಡಕ್ಕೆ ಹೋಗಿದ್ದೆ. ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ, ಮೊಣಕೈ ಹತ್ತಿರ ಕಪ್ಪುಗಟ್ಟಿದ ಗಾಯ. ಏನಾಯಿತು ಅಂದರೆ "ಕಪಾಟು ತಾಗಿತು" ಅಂದರು. ನಾನೂ ಹಾಗೇ ಬರೆದುಕೊಂಡೆ. ನನ್ನ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದವರು ಕಟ್ಟಡದ ಕಚೇರಿಯವರು, ಪಾಪ, ದಾರಿ ತೋರಿಸಲು ಬಂದವರು. ಅವರಿಗೆ ಫೋನ್ ಬಂತು, ಹೊರಗೆ ಹೋದರು. ಅವರು ಹೋದದ್ದೇ ತಡ, ಅಜ್ಜಿ ದನಿ ತಗ್ಗಿಸಿ "ಈ ತಿಂಗಳಲ್ಲಿ ಇದು ಮೂರನೇ ಸಲ" ಅಂದರು. ಮೊದಲ ಸಲ ಬಿದ್ದಾಗ ಏಳಲಾಗದೆ ಬೆಳಗಿನವರೆಗೂ ನೆಲದ ಮೇಲೇ ಇದ್ದರಂತೆ. ಆಮೇಲೆ ನಾನು ಕಚೇರಿಯವರನ್ನು ಜೊತೆಗಿಟ್ಟುಕೊಂಡು ಯಾರ ಮನೆಗೂ ಹೋಗಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಬಾಡಿಗೆ ನೋಡಿಕೊಳ್ಳುವವರು ಬೇರೆ, ನೆರವು ನೋಡಿಕೊಳ್ಳುವವರು ಬೇರೆ ಆಗಲಿ. ಸಂಸ್ಥೆ ಒಂದೇ ಆದರೂ ಪರವಾಗಿಲ್ಲ, ಆದರೆ ಆ ವ್ಯಕ್ತಿ ಕೂರುವ ಜಾಗ ಬೇರೆ ಇರಬೇಕು, ಬರೆದಿಡುವ ಪುಸ್ತಕ ನಿಮ್ಮ ಮೇಜಿಗೆ ಬರಬಾರದು. ಬಿದ್ದರು, ಆಸ್ಪತ್ರೆ ಸೇರಿದರು, ವಾಕರ್ ಹಿಡಿದರು ಅಂತ ಯಾರನ್ನೂ ಮನೆ ಬಿಡಿಸುವುದಿಲ್ಲ ಎಂದು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ಸಮಿತಿಯವರ ಸಹಿ ಹಾಕಿಸಿ, 80 ಮನೆಗೂ ಕೊಡಿ. ಬಾಯಿಮಾತನ್ನು ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಹೇಳಿದ ವಿಷಯ ಅವರನ್ನು ಕೇಳದೆ ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೋಗುತ್ತದೆ ಅಂತಲೂ ಅದರಲ್ಲೇ ಬರೆದಿರಲಿ. ಇಷ್ಟು ಮಾಡಿದ ಮೇಲೆ ಮೂರು ನಾಲ್ಕು ತಿಂಗಳಲ್ಲಿ ಬೀಳುವವರ ಸಂಖ್ಯೆ ಒಮ್ಮೆಲೇ ಏರಿದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಹೇಳಲು ಶುರು ಮಾಡಿದ್ದಾರೆ ಅಂತ ಅರ್ಥ.

ಲೆಕ್ಕ ಹಾಕಿ ನೋಡಿ. 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ದುಪ್ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನದು ಇದೇ. ಅಂದರೆ ನಿಮ್ಮ ಕಟ್ಟಡದಲ್ಲಿ ಕಳೆದ ವರ್ಷ ಇಪ್ಪತ್ತಕ್ಕೂ ಹೆಚ್ಚು ಜನ ಬಿದ್ದಿರಬಹುದು. ನಿಮಗೆ ಗೊತ್ತಾದದ್ದು ಆರು.

ಈಗ ದುಡ್ಡಿನ ವಿಷಯ. ಇರುವುದನ್ನೆಲ್ಲ ಉಪಕರಣಕ್ಕೆ ಸುರಿಯಬೇಡಿ, ದೊಡ್ಡ ಪಾಲು ಒಬ್ಬ ಮನುಷ್ಯನಿಗೆ ಇಡಿ. ವಾರದಲ್ಲಿ ಕೆಲವು ದಿನವಾದರೂ ಕಟ್ಟಡದಲ್ಲೇ ಇದ್ದು, ಹೆಸರು ಹಿಡಿದು ಕರೆಯುವ, ಅರ್ಜಿ ತುಂಬಿಸಿಕೊಡುವ, ಡಾಕ್ಟರಿಗೆ ಫೋನ್ ಮಾಡಿಕೊಡುವ ಒಬ್ಬರು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸ್ಯಾಶ್ ಎಂಬ ಯೋಜನೆ ಇದೆ, 2011ರಿಂದ ರಾಜ್ಯದಾದ್ಯಂತ ಇಂಥ ಕಟ್ಟಡಗಳಲ್ಲೇ ನಡೆದುಬಂದದ್ದು. ಅಲ್ಲಿ ನೂರು ಜನರಿಗೆ ಪೂರ್ತಿ ಸಮಯದ ಒಬ್ಬ ಸಂಯೋಜಕರು, ಕಾಲು ಭಾಗದ ಸಮಯಕ್ಕೆ ಒಬ್ಬ ನರ್ಸ್. ಎಲ್ಲ ಕಡೆಯೂ ಆಸ್ಪತ್ರೆ ಖರ್ಚು ಉಳಿಯಿತು ಅಂತ ನಾನು ಹೇಳುವುದಿಲ್ಲ, ಕೆಲವು ಕಡೆ ಉಳಿಯಿತು, ಕೆಲವು ಕಡೆ ಇಲ್ಲ. ಆದರೂ ಅಳತೆಗೆ ಇದು ಒಳ್ಳೆಯ ಮಾದರಿ. ನಿಮ್ಮದು 80 ಮನೆ, ಒಬ್ಬರು ಸಾಕು. ನರ್ಸನ್ನು ಇಡುವ ಶಕ್ತಿ ಇಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದವರು ತಿಂಗಳಿಗೆ ಎರಡು ಸಲ ಬಂದು ಕೂರುತ್ತಾರಾ ಕೇಳಿ. ಈ ಸಂಯೋಜಕರ ಮೊದಲ ವರ್ಷ ಬಹುಪಾಲು ಅರ್ಜಿಗಳಲ್ಲೇ ಕಳೆಯುತ್ತದೆ. ಸಿಗಬೇಕಾದ ಸಹಾಯಧನ, ರಿಯಾಯಿತಿ, ಔಷಧದ ನೆರವು ಎಷ್ಟೋ ಜನರಿಗೆ ಸಿಕ್ಕಿರುವುದಿಲ್ಲ, ಕಾರಣ ಒಂದು ಫಾರಂ. ಇದನ್ನು ಗುಮಾಸ್ತೆ ಕೆಲಸ ಅಂತ ತಳ್ಳಿಹಾಕಬೇಡಿ. ಫಾರಂ ತುಂಬಿಸಿಕೊಟ್ಟವರ ಹತ್ತಿರವೇ ಜನ ಆಮೇಲೆ ಬಿದ್ದದ್ದನ್ನೂ ಹೇಳುತ್ತಾರೆ.

ಮನೆಯೊಳಗೆ ಹೋದಾಗ ಏನು ಕೇಳಬೇಕು? ನಾವು ವೃತ್ತಿಯವರು ಮಾಡುವ ತಪ್ಪು ಇದೇ: ಪಟ್ಟಿ ಹಿಡಿದು ಹೋಗಿ, ಕಾರ್ಪೆಟ್ ತೆಗೆಯಿರಿ, ಇದು ಅಪಾಯ, ಅದು ಅಪಾಯ ಅಂತ ಹೇಳಿ ಬರುತ್ತೇವೆ. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾರ್ಪೆಟ್ ವಾಪಸ್ ಅದೇ ಜಾಗಕ್ಕೆ ಬಂದಿರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಸಾರಾ ಸ್ಯಾಂಟನ್ ಮತ್ತು ಅವರ ಜೊತೆಯವರು ಕೇಪಬಲ್ ಅಂತ ಒಂದು ಕ್ರಮ ರೂಪಿಸಿದರು. ಕಡಿಮೆ ಆದಾಯದ ಹಿರಿಯರ ಮನೆಗೆ ಸುಮಾರು ಐದು ತಿಂಗಳ ಅವಧಿಯಲ್ಲಿ ಒಬ್ಬ ಥೆರಪಿಸ್ಟ್, ಒಬ್ಬ ನರ್ಸ್, ಒಬ್ಬ ರಿಪೇರಿ ಕೆಲಸದವರು ಹೋಗುತ್ತಾರೆ. ಇದರಲ್ಲಿ ರಿಪೇರಿಯವರನ್ನು ಸೇರಿಸಿದ್ದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ನಾವು ಸಲಹೆ ಬರೆದು ಕೊಡುತ್ತೇವೆ, ಮೊಳೆ ಹೊಡೆಯುವವರು ಯಾರು? ಅಲ್ಲಿ ಮೊದಲ ಪ್ರಶ್ನೆ "ನಿಮಗೆ ಏನು ಮಾಡಲು ಆಗಬೇಕು?" ಅಂತ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಮಂಚದಿಂದ ಏಳುವುದು ಇಂಥ ಎಂಟು ದಿನನಿತ್ಯದ ಕೆಲಸಗಳಲ್ಲಿ ಶುರುವಿಗೆ ಸರಾಸರಿ 3.9 ಕೆಲಸ ಕಷ್ಟವಾಗಿತ್ತು, ಐದು ತಿಂಗಳಿಗೆ ಅದು 2.0ಕ್ಕೆ ಇಳಿಯಿತು. ಹೊಸ ಔಷಧ ಕೊಟ್ಟಿದ್ದರಿಂದ ಆದದ್ದಲ್ಲ ಇದು. ಕಂಬಿ, ಬಲ್ಬು, ಎತ್ತರದ ಕುರ್ಚಿ, ಸ್ವಲ್ಪ ಅಭ್ಯಾಸ, ಇಷ್ಟೇ.

ಒಬ್ಬರಿಗೆ ಸ್ನಾನ ಮುಖ್ಯ, ಇನ್ನೊಬ್ಬರಿಗೆ ಕೆಳಗಿಳಿದು ಗೆಳೆಯರ ಜೊತೆ ಕೂರುವುದು ಮುಖ್ಯ. ಕೆಳಗಿಳಿಯಬೇಕು ಅಂತ ಅವರೇ ಅಂದರೆ ಮೆಟ್ಟಿಲ ಅಭ್ಯಾಸವನ್ನೂ ಅವರೇ ಮಾಡುತ್ತಾರೆ, ನೀವು ಬೆನ್ನು ಹತ್ತಬೇಕಾಗಿಲ್ಲ.

ಹಾಗಿದ್ದೂ ಒಂದು ಜಾಗ ಮಾತ್ರ ಎಲ್ಲರ ಮನೆಯಲ್ಲೂ ನೋಡಿ: ಬಚ್ಚಲು. ದಿನನಿತ್ಯದ ಕೆಲಸಗಳನ್ನು ಅಳೆಯಲು ಸಿಡ್ನಿ ಕಾಟ್ಜ್ ಎಂಬ ವೈದ್ಯರು 1963ರಲ್ಲಿ ಒಂದು ಪಟ್ಟಿ ಮಾಡಿದರು, ನಾವು ಇಂದಿಗೂ ಅದನ್ನೇ ಬಳಸುತ್ತೇವೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಬಿಡುವುದು ಊಟ. "ಒಂದು ದಿನ ಬಿಟ್ಟು ಒಂದು ದಿನ ಸ್ನಾನ ಮಾಡುತ್ತೇನೆ" ಅಂತ ಯಾರಾದರೂ ಅಂದರೆ ಕಿವಿ ನಿಮಿರಿಸಿ, ಅದು ಹೆಚ್ಚಾಗಿ ಭಯ. ಗೋಡೆಯಲ್ಲಿ ಹಿಡಿಕೆ ಕಂಬಿ ಹಾಕಿಸಿ, ನೆಲದಿಂದ ಸುಮಾರು 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ. ಕಂಬಿ ಕಡಿಮೆಯೆಂದರೂ 113 ಕಿಲೋ ಎಳೆತ ತಡೆಯಬೇಕು. ಗೋಡೆಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಬರುತ್ತವಲ್ಲ, ದಯವಿಟ್ಟು ಬೇಡ, ಗಟ್ಟಿಯಾಗಿದೆ ಅಂತ ನಂಬಿ ಪೂರ್ತಿ ಭಾರ ಹಾಕಿದ ಕ್ಷಣದಲ್ಲೇ ಅವು ಕಳಚಿಕೊಳ್ಳುತ್ತವೆ. ಟವೆಲ್ ನೇತುಹಾಕುವ ಸರಳನ್ನು ಹಿಡಿದು ಏಳುವವರನ್ನು ಪ್ರತಿ ಕಟ್ಟಡದಲ್ಲೂ ನೋಡಿದ್ದೇನೆ, ಟೈಲ್ಸ್ ಸಮೇತ ಕಿತ್ತು ಬಂದದ್ದನ್ನೂ ನೋಡಿದ್ದೇನೆ. ಆ ಸರಳು ಇರುವ ಜಾಗದಲ್ಲೇ ಒಳ್ಳೆಯ ಕಂಬಿ ಹಾಕಿಬಿಡಿ, ಕೈ ಹೋಗುವುದು ಅಲ್ಲಿಗೇ ಅಲ್ವಾ? ಕಮೋಡ್ ಸೀಟು 43ರಿಂದ 48 ಸೆಂಟಿಮೀಟರ್ ಎತ್ತರ ಇದ್ದರೆ ಏಳುವುದು ಸುಲಭ. ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ದಾಟದಂತೆ ಹೀಟರ್ ಇಡಿ, ವಯಸ್ಸಾದ ಚರ್ಮ ಬೇಗ ಸುಡುತ್ತದೆ.

ಬೆಳಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. 60 ವರ್ಷದವರ ಕಣ್ಣಿನ ಹಿಂಪರದೆಗೆ 20ರ ವಯಸ್ಸಿನವರಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಸಾಕು ಅನಿಸಿದ ಬೆಳಕು ಅವರಿಗೆ ಮಬ್ಬುಗತ್ತಲು. ಮಂಚದಿಂದ ಬಚ್ಚಲವರೆಗಿನ ದಾರಿಯಲ್ಲಿ ರಾತ್ರಿ ತಾನಾಗಿ ಹತ್ತುವ ಸಣ್ಣ ದೀಪ ಹಾಕಿಸಿ, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಸಿ. ಇಡೀ ಕಟ್ಟಡಕ್ಕೆ ಇದು ಒಂದು ವಾರದ ಕೆಲಸ.

ಕಂಬಿಗಿಂತ ಜಾಸ್ತಿ ಫಲ ಕೊಡುವುದು ಕಾಲಿನ ಬಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ವ್ಯಾಯಾಮ ಕ್ರಮವೊಂದು ಇದೆ: ಕಾಲಿಗೆ ಸಣ್ಣ ತೂಕ ಕಟ್ಟಿಕೊಂಡು ಎತ್ತುವುದು, ಒಂದರ ಮುಂದೆ ಒಂದು ಪಾದ ಇಟ್ಟು ನಿಲ್ಲುವುದು, ಹಿಮ್ಮುಖ ನಡೆಯುವುದು, ವಾರಕ್ಕೆ ಮೂರು ಸಲ ಅರ್ಧ ಗಂಟೆ, ಜೊತೆಗೆ ನಡಿಗೆ. ಅದರ ಪರೀಕ್ಷೆಗಳಲ್ಲಿ ಬೀಳುವುದು ಸುಮಾರು 35 ಶೇಕಡಾ ಕಡಿಮೆಯಾಯಿತು. ಎಲ್ಲ ಬಗೆಯ ವ್ಯಾಯಾಮಗಳನ್ನೂ ಸೇರಿಸಿ ನೋಡಿದ 2019ರ ಕಾಕ್ರೇನ್ ಪರಿಶೀಲನೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ ಅದು) 23 ಶೇಕಡಾ. ಬರೀ ಕೈ ಬೀಸುವ, ಕುರ್ಚಿಯಲ್ಲೇ ಕೂತು ಮಾಡುವ ತರಗತಿಗಳಿಂದ ಇದು ಬರುವುದಿಲ್ಲ, ನಿಂತು ಸಮತೋಲನ ಕಲಿಯಬೇಕು. ಕೆಳಗಿನ ಹಾಲ್ ಖಾಲಿ ಇದ್ದರೆ ಅಲ್ಲೇ ಶುರು ಮಾಡಿಸಿ. ಯಾರಿಗೆ ಮೊದಲು ಬೇಕು ಅಂತ ತಿಳಿಯಲು ಸರಳ ಪರೀಕ್ಷೆ ಇದೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಹಿಡಿದರೆ ಬೀಳುವ ಅಪಾಯ ಇದೆ. ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಔಷಧದ ವಿಷಯ ಚಿಕ್ಕದಾಗಿ. ನಿದ್ದೆ ಮಾತ್ರೆ, ಹಳೆಯ ಬಗೆಯ ಅಲರ್ಜಿ ಮಾತ್ರೆ, ಬಿಪಿ ಮಾತ್ರೆ ಮೂರೂ ತೂರಾಡಿಸಬಲ್ಲವು. ಇದ್ದ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಸುರಿಯುವುದು ಒಳ್ಳೆಯ ಅಭ್ಯಾಸ. ತಾವಾಗೇ ನಿಲ್ಲಿಸುವುದು ಬೇಡ. ಎದ್ದು ನಿಂತಾಗ ತಲೆ ಸುತ್ತುತ್ತದೆ ಅನ್ನುವವರಿಗೆ ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20ರಷ್ಟು ಇಳಿದರೆ ಡಾಕ್ಟರಿಗೆ ಹೇಳಲೇಬೇಕು.

ಇನ್ನು ಆ ಆರು ಜನರ ವಿಷಯ. ಅವರು ಯಾಕೆ ವಾಪಸ್ ಬರಲಿಲ್ಲ? ಬಿದ್ದದ್ದರಿಂದಲೇ ಅಂತ ನನಗೆ ಅನ್ನಿಸುವುದಿಲ್ಲ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಮಂಚದಲ್ಲೇ ಇಟ್ಟು ನೋಡಿದ ಒಂದು ಅಧ್ಯಯನ 2007ರಲ್ಲಿ ಬಂತು, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಹಾಗೆ ಸೊರಗಿ ಕೂತವರನ್ನು ನೋಡಿ ಆಸ್ಪತ್ರೆಯವರು "ಮನೆಯಲ್ಲಿ ಯಾರಿದ್ದಾರೆ?" ಅಂತ ಕೇಳುತ್ತಾರೆ. ಯಾರೂ ಇಲ್ಲ ಅಂದರೆ ಮುಂದಿನ ದಾರಿ ಆರೈಕೆ ಕೇಂದ್ರ. ಆ ಪ್ರಶ್ನೆಗೆ ಉತ್ತರ ಕೊಡುವ ದನಿ ನಿಮ್ಮ ಸಂಯೋಜಕರದ್ದಾಗಬೇಕು, ಅದೂ ಎರಡನೇ ದಿನವೇ. "ಬಚ್ಚಲಲ್ಲಿ ಕಂಬಿ ಇದೆ, ಮೊದಲ ಎರಡು ವಾರ ದಿನಕ್ಕೆ ಎರಡು ಸಲ ನಾವು ನೋಡುತ್ತೇವೆ, ಊಟ ಬಾಗಿಲಿಗೆ ಬರುತ್ತದೆ, ವಾಕರ್ ತಂದಿಟ್ಟಿದ್ದೇವೆ" ಅಂತ ಹೇಳಬಲ್ಲವರು ಇದ್ದರೆ ಎಷ್ಟೋ ಜನ ಮನೆಗೆ ಬರುತ್ತಾರೆ. ಇದನ್ನು ಅವರ ಒಪ್ಪಿಗೆ ಪಡೆದೇ ಮಾಡಬೇಕು, ಆ ಒಪ್ಪಿಗೆಯನ್ನು ಆರೋಗ್ಯವಾಗಿರುವಾಗಲೇ ಬರೆಸಿಟ್ಟುಕೊಳ್ಳಿ. ಅಷ್ಟು ದಿನ ಆ ಮನೆಯನ್ನು ಇನ್ನೊಬ್ಬರಿಗೆ ಕೊಡದೆ ಕಾಯ್ದಿಡುವುದು ನಿಮ್ಮ ಕೈಯಲ್ಲಿದೆ. ಕಾಯುವವರ ಪಟ್ಟಿ ಉದ್ದ ಇರುತ್ತದೆ, ಒತ್ತಡ ಬರುತ್ತದೆ, ನನಗೆ ಗೊತ್ತು. ಕಡಿಮೆ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಯಾವುದು ಅಂತ ಕೇಳಿದರೆ ಮಾತ್ರ ನಾನು ಇದನ್ನೇ ಹೇಳುತ್ತೇನೆ.

ನಿಮ್ಮ ಕಚೇರಿಗೂ ಕಾಣುವ ಕೆಲವು ಸುಳಿವುಗಳಿವೆ. ಹತ್ತು ವರ್ಷ ತಪ್ಪದೆ ಬಾಡಿಗೆ ಕೊಟ್ಟವರು ಎರಡು ತಿಂಗಳು ಮರೆತರೆ ನೋಟಿಸು ಅಂಟಿಸುವ ಮೊದಲು ಸಂಯೋಜಕರನ್ನು ಕಳುಹಿಸಿ. ನೆನಪು ಹೋಗುತ್ತಿರುವುದು ಮನೆಯವರಿಗೆ ತಿಳಿಯುವ ಮುಂಚೆ ಲೆಕ್ಕದ ಪುಸ್ತಕಕ್ಕೆ ತಿಳಿದಿರುತ್ತದೆ. ತುಂಬಿ ತುಳುಕುವ ಅಂಚೆ ಡಬ್ಬ, ಒಂದೇ ವಿಷಯಕ್ಕೆ ದಿನಾ ಬರುವ ದೂರು, ಸೀದ ವಾಸನೆ, ಇವೂ ಹಾಗೇ. ಲಿಫ್ಟ್ ಕೆಟ್ಟರೆ ನಿಮಗೆ ಅದು ರಿಪೇರಿ ಬಿಲ್ಲು, ಐದನೇ ಮಹಡಿಯವರಿಗೆ ಗೃಹಬಂಧನ, ಆದ್ದರಿಂದ ಆ ದಿನಗಳಲ್ಲಿ ಔಷಧ, ದಿನಸಿ ಮೇಲಕ್ಕೆ ಒಯ್ಯುವವರು ಯಾರು ಅಂತ ಮೊದಲೇ ಗೊತ್ತುಮಾಡಿ. ಮಂಡಿ ನೋವಿನವರಿಗೆ ಕೆಳಗಿನ ಮನೆ ಖಾಲಿಯಾದಾಗ ಮೊದಲ ಅವಕಾಶ ಕೊಡಿ. ಬಿಸಿಗಾಳಿಯ ದಿನಗಳಲ್ಲಂತೂ ಬಾಗಿಲು ತಟ್ಟಲೇಬೇಕು. 1995ರ ಜುಲೈನಲ್ಲಿ ಷಿಕಾಗೊದಲ್ಲಿ ಕೆಲವೇ ದಿನಗಳ ಬಿಸಿಲಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಬಡವರು, ಮುದುಕರು, ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇದ್ದವರು.

ಎಲ್ಲರನ್ನೂ ಕೊನೆಯವರೆಗೆ ಅಲ್ಲೇ ಉಳಿಸಲು ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾತ್ರಿ ಎದ್ದು ಬೀದಿಗೆ ಹೋಗಿ ದಾರಿ ತಪ್ಪುವವರು, ಒಲೆ ಆರಿಸದೆ ಮತ್ತೆ ಮತ್ತೆ ಬೆಂಕಿ ಮಾಡಿಕೊಳ್ಳುವವರು, ನೆರವಿಗೆ ಕರೆಯಬೇಕು ಅಂತಲೂ ತೋಚದವರು ಒಬ್ಬರೇ ಇರುವುದು ಕಷ್ಟ. ಒಲೆಗೆ ತಾನಾಗಿ ಆರುವ ಸಾಧನ ಹಾಕಿ ಕೆಲವು ಕಾಲ ಸಾಗಿಸಬಹುದು. ಇನ್ನು ಕೆಲವರಿಗೆ ಒಂಟಿತನವೇ ಸಾಕಾಗಿ ನಾಲ್ಕು ಜನರ ನಡುವೆ ಇರಬೇಕು ಅನಿಸುತ್ತದೆ. ಅಂಥವರನ್ನು "ಸ್ವತಂತ್ರವಾಗಿರಿ" ಅಂತ ಹಿಡಿದಿಡುವುದೂ ಸರಿಯಲ್ಲ.

ಈಗ ಅಲಾರಂ. ಬೇಡ ಅನ್ನುವುದಿಲ್ಲ, ಆದರೆ ಅದರಿಂದ ಶುರು ಮಾಡಬೇಡಿ. ಕೇಂಬ್ರಿಡ್ಜ್‌ನಲ್ಲಿ 90 ದಾಟಿದ 110 ಜನರನ್ನು ಒಂದು ವರ್ಷ ನೋಡಿಕೊಂಡು ಬಂದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬಿದ್ದವರಲ್ಲಿ 30 ಶೇಕಡಾ ಜನ ಒಂದು ಗಂಟೆಯೋ ಅದಕ್ಕಿಂತ ಜಾಸ್ತಿಯೋ ನೆಲದ ಮೇಲೆ ಬಿದ್ದಿದ್ದರು. ಹಾಗೆ ಹೊತ್ತುಗಟ್ಟಲೆ ಬಿದ್ದಿದ್ದವರಲ್ಲಿ ಅಲಾರಂ ಇದ್ದವರೂ ಹೆಚ್ಚಿನ ಸಲ ಅದನ್ನು ಒತ್ತಿರಲಿಲ್ಲ. ಕೈಗೆಟುಕದೆಯೋ, ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅಂತಲೋ, ಒತ್ತಿದರೆ ಎಲ್ಲಿಗೆ ಕಳಿಸಿಬಿಡುತ್ತಾರೋ ಎಂಬ ಅಂಜಿಕೆಯಿಂದಲೋ ಒತ್ತುವುದಿಲ್ಲ. ಮೊದಲು ಆ ಹಾಳೆ ಕೊಡಿ, ಆ ಮನುಷ್ಯನನ್ನು ನೇಮಿಸಿ, ಆಮೇಲೆ ಬೇಕು ಅಂದವರಿಗೆ ಅಲಾರಂ ಕೊಡಿಸಿ. ಬಿದ್ದ ಮೇಲೆ ಏಳುವುದನ್ನೂ ವ್ಯಾಯಾಮದ ಹೊತ್ತಿನಲ್ಲೇ ಕಲಿಸಿ: ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿಯವರೆಗೆ ತೆವಳಿ, ಅದನ್ನು ಹಿಡಿದು ಏಳುವುದು. ನಿಮ್ಮ ಬಚ್ಚಲುಗಳಲ್ಲಿ ಎಳೆದರೆ ಗಂಟೆ ಬಾರಿಸುವ ಹಗ್ಗ ಇದ್ದರೆ ಈ ವಾರವೇ, ಮೊದಲೇ ತಿಳಿಸಿ, ಒಪ್ಪಿಗೆ ಕೇಳಿ, ಮನೆ ಮನೆಗೆ ಹೋಗಿ ನೋಡಿಸಿ. ಅದು ನೆಲದ ಹತ್ತಿರದವರೆಗೆ ಇಳಿಬಿದ್ದಿರಬೇಕು. ಗುಡಿಸುವಾಗ ಅಡ್ಡ ಬರುತ್ತದೆ ಅಂತ ಸುಮಾರು ಜನ ಅದನ್ನು ಮೇಲಕ್ಕೆ ಗಂಟು ಹಾಕಿಬಿಟ್ಟಿರುತ್ತಾರೆ.